ಕೊಡಗಿನ ಹೋಂಸ್ಟೇಯಲ್ಲಿ ಟಿಪ್ಸ್ ಕೊಡಬೇಕೇ? ಕೊಡುವುದಾದರೆ ಯಾರ ಕೈಗೆ?

ಪ್ರಶ್ನೆ (ದಾವಣಗೆರೆಯಿಂದ):
ಮುಂದಿನ ತಿಂಗಳು ಅಪ್ಪ ಅಮ್ಮನೂ ಸೇರಿ ನಾವು ಆರು ಮಂದಿ ಮಡಿಕೇರಿ ಸಮೀಪದ ಕಾಫಿ ತೋಟದ ಹೋಂಸ್ಟೇಯೊಂದರಲ್ಲಿ ಮೂರು ರಾತ್ರಿ ತಂಗಲಿದ್ದೇವೆ. ಹೋಟೆಲಿನಲ್ಲಾದರೆ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬಿಟ್ಟು ಏಳುವುದು ನಮಗೆ ರೂಢಿ. ಮನೆಯವರೇ ನಿಂತು ಬಡಿಸುವ ಕಡೆ ಹಣ ಕೊಟ್ಟರೆ ಅವರಿಗೆ ಬೇಸರವಾಗುವುದೇ, ಕೊಡದಿದ್ದರೆ ಜಿಪುಣರೆನಿಸಿಕೊಳ್ಳುವೆವೇ ಎಂಬುದು ತಿಳಿಯುತ್ತಿಲ್ಲ. ಮಾಂದಲಪಟ್ಟಿ ಬೆಟ್ಟಕ್ಕೆ ಕರೆದೊಯ್ಯುವ ಜೀಪು ಮತ್ತು ಮೈಸೂರಿನಿಂದ ಬಾಡಿಗೆಗೆ ಪಡೆಯುವ ಕಾರಿನ ಚಾಲಕರಿಗೂ ಕೊಡಬೇಕೇ?

ಉತ್ತರ 1 (ನಾಪೋಕ್ಲು ಕಡೆಯ ಹೋಂಸ್ಟೇ ಮಾಲೀಕ):
ಮನೆಯವರಿಗೆ ಖಂಡಿತ ಬೇಡ. ಹೊರಡುವಾಗ ನನ್ನ ಹೆಂಡತಿಯ ಕೈಗೆ ನೋಟು ಇಡಲು ಬಂದವರಿದ್ದಾರೆ. ಅವಳಿಗೆ ಅದು ಮುಜುಗರದ ಸಂಗತಿ. ಊಟಕ್ಕೂ ಕೋಣೆಗೂ ದರ ಹೇಳಿಯೇ ಪಡೆದಿರುತ್ತೇವೆ, ಕಡಂಬುಟ್ಟು (ನಮ್ಮ ಕಡೆಯ ಅಕ್ಕಿ ಕಡುಬು) ಚೆನ್ನಾಗಿತ್ತೆಂದು ಒಂದು ಮಾತು ಹೇಳಿದರೆ ಅಷ್ಟೇ ಸಾಕು. ಆದರೆ ಬೆಳಗಿನ ಜಾವ ಎದ್ದು ಸ್ನಾನದ ನೀರಿಗೆ ಒಲೆ ಹಚ್ಚುವವರು, ಮಳೆಗಾಲದಲ್ಲಿ ಅತಿಥಿಗಳ ಕೆಸರು ಮೆತ್ತಿದ ಷೂಗಳನ್ನು ತೊಳೆದು ಒಲೆಯ ಬಳಿ ಒಣಗಿಸುವವರು, ರಾತ್ರಿ ಬೆಂಕಿ ಆರುವವರೆಗೂ ಕಾದಿದ್ದು ಪಾತ್ರೆ ಎತ್ತುವವರು ಬೇರೆ ಇರುತ್ತಾರೆ. ಅಂಥ ಇಬ್ಬರು ನಮ್ಮಲ್ಲಿದ್ದಾರೆ. ಮೂರು ರಾತ್ರಿಗೆ ನಿಮ್ಮ ತಂಡದಿಂದ ಇಬ್ಬರಿಗೂ ಸೇರಿ 500 ರೂಪಾಯಿ ಕೊಟ್ಟರೆ ಧಾರಾಳವಾಯಿತೆಂದೇ ನನ್ನ ಎಣಿಕೆ. ಮೊದಲ ದಿನವೇ ಕೊಡಬೇಡಿ. ಕೊಟ್ಟರೆ ಕೆಲಸದವರು ನಿಮ್ಮ ಕೋಣೆಯ ಸುತ್ತಲೇ ಸುಳಿಯತೊಡಗಿ ಉಳಿದ ಅತಿಥಿಗಳಿಗೆ ಇರುಸುಮುರುಸಾಗುತ್ತದೆ. ಹೊರಡುವ ದಿನ ಅವರಿಗೆ ರಜೆಯಿದೆಯೇ ಎಂದು ಹಿಂದಿನ ಸಂಜೆಯೇ ವಿಚಾರಿಸಿಕೊಂಡು, ನಗದನ್ನು ಅವರ ಕೈಗೇ ಕೊಡಿ. ಬಿಲ್ಲಿನ ಜೊತೆ ನನ್ನ ಫೋನ್‌ಪೇಗೆ ಹಾಕಿದರೆ ಅವರಿಗೆ ನಾನು ಲೆಕ್ಕ ಒಪ್ಪಿಸುತ್ತ ಕೂರಬೇಕಾಗುತ್ತದೆ.

ಉತ್ತರ 2 (ಕುಶಾಲನಗರದ ವಕೀಲೆ):
ರೆಸಾರ್ಟಿನಲ್ಲೋ ಹೋಟೆಲಿನಲ್ಲೋ ಉಂಡರೆ ಮೊದಲು ಬಿಲ್ಲನ್ನು ಓದಿಕೊಳ್ಳಿ. ಜಿಎಸ್‌ಟಿ ತೆರಿಗೆಯಾದ್ದರಿಂದ ಅದನ್ನು ತೆರಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಒಂದು ಕಡೆ ನನ್ನ ಬಿಲ್ಲಿನಲ್ಲಿ ಶೇಕಡ 10 ಸೇರಿಸಿದ್ದರು. ಕೇಳಿದೊಡನೆ ಮರುಮಾತಿಲ್ಲದೆ ತೆಗೆದರು, ಬಡಿಸಿದ ಹುಡುಗನಿಗೆ ನಾನೇ ಬೇರೆಯಾಗಿ ಕೊಟ್ಟೆ. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಉತ್ತರ 3 (ಮೈಸೂರಿನ ಟ್ಯಾಕ್ಸಿ ಚಾಲಕ):
ಬಾಡಿಗೆಯ ಜೊತೆಗೆ ಪಡೆಯುವ ಡ್ರೈವರ್ ಬಾಟಾ ನಮ್ಮ ಊಟ ತಿಂಡಿಯ ಖರ್ಚಿಗೆ. ಅದನ್ನು ಟಿಪ್ಸ್ ಎಂದು ಎಣಿಸಬೇಡಿ. ಟಿಪ್ಸ್ ನಿಮ್ಮ ಇಷ್ಟ, ಕೊಡದಿದ್ದರೆ ಯಾರೂ ಮುಖ ಗಂಟಿಕ್ಕಬಾರದು. ಅದಕ್ಕಿಂತ ಮುಖ್ಯವಾಗಿ, ಕೋಣೆ ಕಾದಿರಿಸುವಾಗಲೇ ಚಾಲಕನಿಗೆ ಮಲಗಲು ಜಾಗವಿದೆಯೇ ಎಂದು ಕೇಳಿರಿ. ಕೊಡಗಿನ ಮಳೆಯಲ್ಲಿ ಗಾಜು ಏರಿಸಿಕೊಂಡು ಕಾರಿನಲ್ಲೇ ರಾತ್ರಿ ಕಳೆದು, ಬೆಳಿಗ್ಗೆ ತಲಕಾವೇರಿಯ ತಿರುವುಗಳಲ್ಲಿ ಗಾಡಿ ಓಡಿಸುವುದು ನಮಗೂ ಕಷ್ಟ, ನಿಮಗೂ ಕ್ಷೇಮವಲ್ಲ. ಮಾಂದಲಪಟ್ಟಿಯ ಜೀಪಿಗೆ ಇಡೀ ವಾಹನದ ಬಾಡಿಗೆಯನ್ನು ಹತ್ತುವ ಮೊದಲೇ ಮಾತನಾಡಿಕೊಳ್ಳಿ. ಆ ಹಾದಿಯಲ್ಲಿ ಹಿರಿಯರ ಸೊಂಟ ನೋಯದಂತೆ ನಿಧಾನವಾಗಿ ಕರೆದೊಯ್ದರೆ ಇಳಿದ ಮೇಲೆ ನೂರೋ ಇನ್ನೂರೋ ಕೊಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಚಾಲಕರು ಎಲ್ಲಿ ಮಲಗುವರೆಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಹೋಂಸ್ಟೇಗೆ ಇಂದೇ ಕರೆ ಮಾಡಿ ಕೇಳುತ್ತೇನೆ.