ಅಪ್‌ಡೇಟ್: ಅಮೆರಿಕದ ಟೆನೆಸ್ಸಿ ರಾಜ್ಯದ ಪ್ರವಾಸ ಮುಗಿಸಿ ಬಂದೆವು
ವಿಸ್ಕಿ ಡಿಸ್ಟಿಲರಿಯನ್ನೂ ಲೈವ್ ಸಂಗೀತದ ಬಾರ್‌ಗಳನ್ನೂ ಒಂದೇ ದಿನ ಕಾರಿನಲ್ಲಿ ಸುತ್ತಿ ನೋಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಬೆಳಿಗ್ಗೆಯೇ ನ್ಯಾಶ್‌ವಿಲ್‌ನಿಂದ ಹೊರಟು, ಸುಮಾರು 120 ಕಿ.ಮೀ. ದೂರದ ಲಿಂಚ್‌ಬರ್ಗ್‌ನಲ್ಲಿರುವ ಜ್ಯಾಕ್ ಡೇನಿಯಲ್ಸ್ ಡಿಸ್ಟಿಲರಿಯನ್ನು ನೋಡಿದೆವು. ಆಗಷ್ಟೇ ಬಟ್ಟಿ ಇಳಿಸಿದ ಮದ್ಯವು 10 ಅಡಿ ಮೇಪಲ್ ಇದ್ದಿಲಿನ ಮೂಲಕ ಹನಿಹನಿಯಾಗಿ ಇಳಿಯುವ ತೊಟ್ಟಿಯ ಮುಚ್ಚಳವನ್ನು ಮಾರ್ಗದರ್ಶಕರು ಅರೆಕ್ಷಣ ಎತ್ತಿದಾಗ ಮುಖಕ್ಕೆ ರಾಚಿದ ಘಾಟು ಇನ್ನೂ ಮೂಗಿನಲ್ಲಿದೆ. ಕಾರು ಓಡಿಸಬೇಕಿದ್ದ ನಾನು ರುಚಿ ನೋಡಲಿಲ್ಲ, ಅದಕ್ಕೆ ಬೇಸರವೂ ಇಲ್ಲ. ಸಂಜೆ ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯ ಬಾರ್‌ಗಳಲ್ಲಿ ಬಹುತೇಕ ಕಡೆ ಪ್ರವೇಶ ಶುಲ್ಕವಿರಲಿಲ್ಲ. ಕಲಾವಿದರು ಟಿಪ್ಸನ್ನೇ ನೆಚ್ಚಿಕೊಂಡಿರುವುದರಿಂದ ಚಿಲ್ಲರೆ ನೋಟು ಒಯ್ಯಿರಿ ಎಂದ ನಿಮ್ಮ ಸಲಹೆ ನಿಜಕ್ಕೂ ಉಪಕಾರವಾಯಿತು. ಪಿಟೀಲು ನುಡಿಸಿದಾಕೆ ಬಕೆಟ್ ಹಿಡಿದು ಬಂದಾಗ ತೃಪ್ತಿಯಿಂದ ಕೊಟ್ಟೆವು.