ಸಾಲಿಸಿಟರ್ ಹುಡುಕುತ್ತಿದ್ದೇವೆ: ಬರುವವರಿಗೆ ಕೆಲಸದ ಬಗ್ಗೆ ಏನು ಹೇಳಬೇಕು? ಅನುಭವ ಇದ್ದವರು ತಿಳಿಸಿ

ಕೇಳಿದ್ದು, ಸ್ಲೌನಿಂದ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಈ ಊರಿನಲ್ಲಿ ಐದು ಜನರ ಒಂದು ಚಿಕ್ಕ ಸಾಲಿಸಿಟರ್, ಅಂದರೆ ಕಾಗದಪತ್ರ ನೋಡುವ ವಕೀಲರ, ಆಫೀಸಿಗೆ ನಾನು ಮ್ಯಾನೇಜರ್. ಮನೆ ಕೊಳ್ಳುವ, ಮಾರುವ ಕಾಗದಪತ್ರದ ಕೆಲಸ, ಅಂದರೆ ಕನ್ವೇಯನ್ಸಿಂಗ್, ನಮ್ಮಲ್ಲಿ ಜಾಸ್ತಿ. ನಮ್ಮ ಹಿರಿಯ ಸಾಲಿಸಿಟರ್ ಒಬ್ಬರು ಜೂನ್ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಜನ ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. "ಉತ್ಸಾಹಿ, ಚುರುಕಾದ ಸಾಲಿಸಿಟರ್ ಬೇಕು, ಎಲ್ಲರ ಜೊತೆ ಬೆರೆಯುವವರಾಗಿರಬೇಕು, ಅನುಭವಕ್ಕೆ ತಕ್ಕ ಸಂಬಳ" ಎಂದು ಹೋದ ತಿಂಗಳು ಜಾಹೀರಾತು ಹಾಕಿದೆವು. ಎಪ್ಪತ್ತರ ಹತ್ತಿರ ಅರ್ಜಿ ಬಂತು. ಅರ್ಧಕ್ಕಿಂತ ಜಾಸ್ತಿ ಜನ ಸಾಲಿಸಿಟರೇ ಅಲ್ಲ. ಮೂವರನ್ನು ಕರೆದೆವು. ಇಬ್ಬರು ಬರಲೇ ಇಲ್ಲ. ಬಂದ ಒಬ್ಬರು "ಎಷ್ಟು ಫೈಲು ಕೊಡುತ್ತೀರಿ?" ಎಂದು ಕೇಳಿದರು. ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಎರಡು ದಿನ ಬಿಟ್ಟು ಬೇಡ ಎಂದು ಮೇಲ್ ಮಾಡಿದರು. ಎಲ್ಲಿ ತಪ್ಪಿದೆವು? ಏನು ಬರೆಯಬೇಕು, ಎದುರಿಗೆ ಕೂತಾಗ ಏನು ಹೇಳಬೇಕು? ದಯವಿಟ್ಟು ತಿಳಿಸಿ.

ಲೆಸ್ಟರ್‌ನಿಂದ:

ಮೇಡಂ, ನಾನೂ 14 ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತಿದ್ದೇನೆ. ಇಷ್ಟರಲ್ಲಿ ಎಂಟು ಜನ ಸಾಲಿಸಿಟರ್‌ಗಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇವೆ. ಆರು ಜನ ನಿಂತರು, ಇಬ್ಬರು ಬಿಟ್ಟುಹೋದರು. ಹೋದವರಿಂದಲೇ ನಾನು ಹೆಚ್ಚು ಕಲಿತದ್ದು.

ಅದರಲ್ಲಿ ಒಬ್ಬರ ವಿಷಯ ಹೇಳುತ್ತೇನೆ. ಇಂಟರ್‌ವ್ಯೂನಲ್ಲಿ "ಫೈಲು ಸುಮಾರು ಅರವತ್ತು" ಅಂದಿದ್ದೆವು. ಸೋಮವಾರ ಬಂದು ಸೇರಿದರು. ಬುಧವಾರ ಸಂಜೆ ನಾನು ಹೊರಡುವಾಗ ನೋಡಿದರೆ, ಬೀರುವಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿ ಕಾರ್ಪೆಟ್ ಮೇಲೆ ಕೂತಿದ್ದರು. ಸುತ್ತಲೂ ಫೈಲು. ಒಂದೊಂದಕ್ಕೂ ಹಳದಿ ಚೀಟಿ ಅಂಟಿಸಿ ದಿನಾಂಕ ಬರೆಯುತ್ತಿದ್ದರು. ಎಲ್ಲ ಹಿಂದಿನವರು ಬಿಟ್ಟುಹೋದದ್ದು. ಮನೆ ಕೈಬದಲಾಗಿ ತಿಂಗಳುಗಳಾಗಿವೆ, ಬೀಗದಕೈ ಕೊಟ್ಟಾಗಿದೆ, ಆದರೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೊಸ ಮಾಲೀಕರ ಹೆಸರು ಏರಿಲ್ಲ. ಅಂಥವು 41. ಅವರು ನನ್ನನ್ನು ನೋಡಿ ಒಂದೇ ಮಾತು ಕೇಳಿದರು: "ಇದು ನಿಮಗೆ ಗೊತ್ತಿತ್ತಾ?" ನಿಜ ಹೇಳಬೇಕೆಂದರೆ ಅರ್ಧ ಗೊತ್ತಿತ್ತು. ಎಣಿಸಿರಲಿಲ್ಲ. ಆರು ವಾರಕ್ಕೆ ಅವರು ಹೊರಟುಹೋದರು.

ಕೆಲಸ ಜಾಸ್ತಿ ಅಂತ ಅವರು ಹೆದರಿ ಹೋಗಲಿಲ್ಲ. ನಾವು ಮೊದಲೇ ಹೇಳಲಿಲ್ಲ ಅನ್ನುವುದೇ ಅವರಿಗೆ ನೋವಾದದ್ದು. ಇಂಗ್ಲೆಂಡಿನಲ್ಲಿ ಮನೆ ಕೈಬದಲಾದ 14 ದಿನದೊಳಗೆ ಸ್ಟಾಂಪ್ ಡ್ಯೂಟಿ ರಿಟರ್ನ್ ಹೋಗಬೇಕು. ಆಮೇಲೆ ಲ್ಯಾಂಡ್ ರಿಜಿಸ್ಟ್ರಿ ಅರ್ಜಿಗೂ ಗಡುವಿದೆ: ಕೊಳ್ಳುವ ಮೊದಲು ರಿಜಿಸ್ಟ್ರಿಯಿಂದ ತೆಗೆಸುವ ಹುಡುಕಾಟದ ಪತ್ರ (ಅಫಿಷಿಯಲ್ ಸರ್ಚ್), ನಡುವೆ ಬೇರೆಯವರ ಅರ್ಜಿ ನುಗ್ಗದ ಹಾಗೆ ಕೊಡುವ ರಕ್ಷಣೆ 30 ಕೆಲಸದ ದಿನ ಮಾತ್ರ. ಇದೆಲ್ಲ ತಪ್ಪಿದರೆ ನಾಳೆ ಕೇಳುವವರು ಫೈಲು ಯಾರ ಕೈಯಲ್ಲಿದೆಯೋ ಅವರನ್ನೇ. ಸಾಲಿಸಿಟರ್‌ಗೆ ಅವರ ಹೆಸರೇ ಬದುಕು. ಆ ಹೆಸರನ್ನು ಎಂಥ ಫೈಲುಗಳ ಮೇಲೆ ಹಾಕಬೇಕಾಗುತ್ತದೆ ಎಂದು ಮೊದಲೇ ತಿಳಿದುಕೊಳ್ಳುವ ಹಕ್ಕು ಅವರಿಗಿದೆ.

ಹಾಗಾಗಿ ಜಾಹೀರಾತು ಬರೆಯುವ ಮೊದಲು ಬೀರು ತೆಗೆಯಿರಿ. ಒಂದು ಬೆಳಿಗ್ಗೆ ಪೂರ್ತಿ ಇದಕ್ಕೇ ಇಡಿ. ನಿವೃತ್ತರಾಗುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಟ್ಟು ಎಷ್ಟು ಫೈಲು? ಫ್ರೀಹೋಲ್ಡ್ (ನೆಲದ ಸಮೇತ ಸ್ವಂತ) ಎಷ್ಟು, ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆ) ಎಷ್ಟು? ಇದು ಮುಖ್ಯ. ಯಾಕೆಂದರೆ ಲೀಸ್‌ಹೋಲ್ಡ್ ಫ್ಲಾಟಿನ ಒಂದು ಫೈಲು ಎರಡು ಫ್ರೀಹೋಲ್ಡ್ ಮನೆಯಷ್ಟು ಸಮಯ ತಿನ್ನುತ್ತದೆ. ಎತ್ತರದ ಕಟ್ಟಡವಾದರೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಯ ಕಾಗದಗಳೂ ಸೇರುತ್ತವೆ. ಎಕ್ಸ್‌ಚೇಂಜ್ (ಕರಾರು ಪಕ್ಕಾ) ಆಗಿರುವುದು ಎಷ್ಟು, ಕಂಪ್ಲೀಷನ್ (ಹಣ ಕೊಟ್ಟು ಮನೆ ಕೈಬದಲು) ಆಗಿ ನೋಂದಣಿ ಬಾಕಿ ಇರುವುದು ಎಷ್ಟು? ದೂರು ಬಂದಿರುವ ಫೈಲು ಇದೆಯಾ? ಈ ಲೆಕ್ಕ ಒಂದು ಹಾಳೆಯಲ್ಲಿ ಬಂದರೆ ನಿಮ್ಮ ಜಾಹೀರಾತು ಅರ್ಧ ಬರೆದ ಹಾಗೆ.

ಮಿಕ್ಕರ್ಧ ಅಂದರೆ ಸಹಾಯ. ಪ್ಯಾರಾಲೀಗಲ್, ಅಂದರೆ ಸಾಲಿಸಿಟರ್‌ಗೆ ನೆರವಾಗುವ ಸಹಾಯಕರು, ಇದ್ದಾರಾ? ಅವರು ಪೂರ್ತಿ ಇವರಿಗೇನಾ, ಇಲ್ಲಾ ಮೂವರ ನಡುವೆ ಹಂಚಿಕೆಯಾ? ಶುಕ್ರವಾರ ಒಂದೇ ದಿನ ನಾಲ್ಕು ಕಂಪ್ಲೀಷನ್ ಇದ್ದರೆ ಬ್ಯಾಂಕಿಗೆ ಹಣ ಹಾಕುವವರು ಯಾರು, ಫೋನ್ ಎತ್ತುವವರು ಯಾರು? ರಜೆ ಹಾಕಿದರೆ ಫೈಲು ನೋಡುವವರು ಯಾರು? ಒಳ್ಳೆಯ ಸಾಲಿಸಿಟರ್ ಕೇಳುವುದೇ ಇದನ್ನು. "ಉತ್ಸಾಹಿ, ಚುರುಕು" ಎಂದು ಬರೆದರೆ ಇದ್ಯಾವುದೂ ಅವರಿಗೆ ತಿಳಿಯುವುದಿಲ್ಲ.

ಸಂಬಳ ಬರೆಯಿರಿ. ಎಷ್ಟರಿಂದ ಎಷ್ಟು ಎಂದು ಅಂಕಿ ಹಾಕಿ. "ಅನುಭವಕ್ಕೆ ತಕ್ಕಂತೆ" ಅಂದರೆ ಕೆಲಸದಲ್ಲಿರುವವರು ಮುಂದಿನ ಜಾಹೀರಾತಿಗೆ ಹೋಗುತ್ತಾರೆ. ಬಿಲ್ಲಿಂಗ್ ಟಾರ್ಗೆಟ್ ಇದ್ದರೆ ಅದನ್ನೂ ಹೇಳಿ. ಸಂಬಳದ ಮೂರು ಪಟ್ಟು ಬಿಲ್ ಮಾಡಬೇಕು ಎನ್ನುವ ಹಳೆಯ ಲೆಕ್ಕ ಇನ್ನೂ ಎಷ್ಟೋ ಕಡೆ ನಡೆಯುತ್ತಿದೆ. ನಿಮ್ಮದು ಎಷ್ಟು ಎಂದು ಸೇರಿದ ಮೇಲೆ ಗೊತ್ತಾಗುವುದು ಸರಿಯಲ್ಲ.

ಅರ್ಧ ಜನ ಸಾಲಿಸಿಟರೇ ಅಲ್ಲ ಅಂದಿರಿ. ನಮ್ಮೂರಿನಲ್ಲಿ ವಕೀಲರು ಅಂದರೆ ಒಂದೇ ಜಾತಿ. ಆಫೀಸಿನಲ್ಲಿ ಕಾಗದ ಬರೆಯುವವರೂ ಅವರೇ, ಕೋರ್ಟಿನಲ್ಲಿ ವಾದಿಸುವವರೂ ಅವರೇ. ಇಲ್ಲಿ ಹಾಗಲ್ಲ. ಸಾಲಿಸಿಟರ್ ಬೇರೆ, ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಬೇರೆ, ಆಸ್ತಿ ಕಾಗದಪತ್ರದ ಪರವಾನಗಿ ಪಡೆದ ಲೈಸೆನ್ಸ್ಡ್ ಕನ್ವೇಯನ್ಸರ್ ಬೇರೆ, ಸಿಲೆಕ್ಸ್ ಎಂಬ ಸಂಸ್ಥೆಯ ಮೂಲಕ ಅರ್ಹತೆ ಪಡೆದ ಲಾಯರ್ ಬೇರೆ. ಲಾಯರ್ ಎಂದು ಯಾರು ಬೇಕಾದರೂ ಕರೆದುಕೊಳ್ಳಬಹುದು. ಆದರೆ ಸಾಲಿಸಿಟರ್ ಎಂಬ ಹೆಸರಿಗೆ 1974ರ ಸಾಲಿಸಿಟರ್ಸ್ ಕಾಯ್ದೆಯ ಕಾವಲಿದೆ. ಸ್ಕಾಟ್ಲೆಂಡಿನ ಸಾಲಿಸಿಟರ್‌ಗಳೂ ಬೇರೆ ವ್ಯವಸ್ಥೆಯವರು. ಹಾಗಾಗಿ ಮೊದಲ ಸಾಲಿನಲ್ಲೇ ಹಾಕಿ: "ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್, ಚಾಲ್ತಿಯಲ್ಲಿರುವ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ ಇರಬೇಕು." ಲೈಸೆನ್ಸ್ಡ್ ಕನ್ವೇಯನ್ಸರ್ ಆದರೂ ನಿಮಗೆ ಸಾಕು ಅನ್ನುವುದಾದರೆ ಅದನ್ನೂ ಬರೆಯಿರಿ. ಮನೆ ಕೊಳ್ಳುವ, ಮಾರುವ ಕೆಲಸಕ್ಕೆ ಅವರಲ್ಲಿ ತುಂಬ ಪಳಗಿದವರು ಇದ್ದಾರೆ.

ಅರ್ಜಿ ಬಂದ ತಕ್ಷಣ ಎಸ್‌ಆರ್‌ಎ, ಅಂದರೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ರಿಜಿಸ್ಟರ್‌ನಲ್ಲಿ ಹೆಸರು ನೋಡಿ. ಎಲ್ಲರಿಗೂ ತೆರೆದಿರುವ ಪಟ್ಟಿ, ಎರಡು ನಿಮಿಷದ ಕೆಲಸ. ಸರ್ಟಿಫಿಕೇಟಿಗೆ ಷರತ್ತು ಹಾಕಿದ್ದಾರಾ, ಶಿಸ್ತುಕ್ರಮದ ತೀರ್ಮಾನ ಇದೆಯಾ ಎಂದು ಗೊತ್ತಾಗುತ್ತದೆ. ಪಟ್ಟಿಯಿಂದ ತೆಗೆದುಹಾಕಿದವರನ್ನು ಎಸ್‌ಆರ್‌ಎ ಒಪ್ಪಿಗೆ ಇಲ್ಲದೆ ಗುಮಾಸ್ತರಾಗಿ ಕೂಡ ಇಟ್ಟುಕೊಳ್ಳುವ ಹಾಗಿಲ್ಲ.

ಇನ್ನೊಂದು ವಿಷಯ. "3ರಿಂದ 5 ವರ್ಷ ಪಿಕ್ಯೂಇ", ಅಂದರೆ ಸಾಲಿಸಿಟರ್ ಆದ ಮೇಲಿನ ಅನುಭವ, ಎಂದು ಬರೆಯುವುದು ಇಲ್ಲಿ ವಾಡಿಕೆ. ಕೆಳಗಿನ ಅಂಕಿ ಇರಲಿ, ಮೇಲಿನದನ್ನು ಬಿಡಿ. ಇಷ್ಟೇ ವರ್ಷದವರು ಬೇಕು ಅಂದರೆ ವಯಸ್ಸಾದವರನ್ನು ಹೊರಗಿಟ್ಟ ಹಾಗಾಗುತ್ತದೆ. 2010ರ ಈಕ್ವಾಲಿಟಿ ಕಾಯ್ದೆಯಲ್ಲಿ ಅದಕ್ಕೆ ಜವಾಬು ಕೊಡಬೇಕಾದೀತು. ಅದರ ಬದಲು ಕೆಲಸವನ್ನೇ ಹೇಳಿ: "ಲೀಸ್‌ಹೋಲ್ಡ್ ಖರೀದಿಯನ್ನು ಮೊದಲಿನಿಂದ ನೋಂದಣಿವರೆಗೆ ತಾವೇ ನಡೆಸಿದವರು." ಅದು ಮಾಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ಕೆಲಸ ಕೊಡುತ್ತೇವೆ ಎನ್ನುವ ಮೊದಲು ಆರೋಗ್ಯದ ಪ್ರಶ್ನೆ ಕೇಳಬೇಡಿ. ಇಂಟರ್‌ವ್ಯೂಗೆ ಬರಲು ಏನಾದರೂ ಅನುಕೂಲ ಬೇಕಾ ಎಂದು ಕೇಳಬಹುದು.

ಒಂದು ಚಿಕ್ಕ ಪರೀಕ್ಷೆ ನಾವು ಕೊಡುತ್ತೇವೆ. ತುಂಬ ಉಪಯೋಗಕ್ಕೆ ಬಂದಿದೆ. ಹೆಸರು ತೆಗೆದ ಒಂದು ಕತೆ: ಹುಡುಗಿ ಫ್ಲಾಟ್ ಕೊಳ್ಳುತ್ತಿದ್ದಾಳೆ, ಮೈಸೂರಿನ ಅಪ್ಪ ಸೈಟು ಮಾರಿ ಹಣ ಕಳಿಸುತ್ತಿದ್ದಾರೆ. ಹಣದ ಮೂಲ ತಿಳಿಯಲು ಏನೇನು ಕಾಗದ ಕೇಳುತ್ತೀರಿ? ಕೆಲವರು "ಬ್ಯಾಂಕ್ ಸ್ಟೇಟ್‌ಮೆಂಟ್" ಎಂದು ನಿಲ್ಲಿಸುತ್ತಾರೆ. ಒಬ್ಬರು ಮಾತ್ರ ಕ್ರಯಪತ್ರ, ಅದರ ಇಂಗ್ಲಿಷ್ ಅನುವಾದ, ಸೈಟಿನ ಹಣ ಅಪ್ಪನ ಖಾತೆಗೆ ಬಂದ ದಿನ, ಅಲ್ಲಿಂದ ಇಲ್ಲಿಗೆ ಬಂದ ದಾರಿ, ಅಪ್ಪನ ಗುರುತಿನ ಚೀಟಿ, ಹಣ ವಾಪಸ್ ಕೇಳುವುದಿಲ್ಲ ಎನ್ನುವ ಪತ್ರ, ಸಾಲ ಕೊಡುವ ಬ್ಯಾಂಕಿಗೆ ಈ ಉಡುಗೊರೆ ತಿಳಿಸುವುದು, ಎಲ್ಲ ಸಾಲಾಗಿ ಹೇಳಿದರು. ಕೊನೆಗೆ, "ಆ ಅಪ್ಪನಿಗೆ ಇದನ್ನೆಲ್ಲ ಯಾಕೆ ಕೇಳುತ್ತಿದ್ದೇವೆ ಎಂದು ಮೊದಲು ಫೋನ್ ಮಾಡಿ ಹೇಳುತ್ತೇನೆ, ಇಲ್ಲದಿದ್ದರೆ ನಮ್ಮ ಮೇಲೆ ಅನುಮಾನ ಅಂದುಕೊಳ್ಳುತ್ತಾರೆ" ಅಂದರು. ಆವತ್ತೇ ನಿರ್ಧಾರ ಮಾಡಿದೆವು. ಅವರು ಕನ್ನಡದವರಲ್ಲ, ಬರ್ಮಿಂಗ್‌ಹ್ಯಾಮ್‌ನವರು. ಇವತ್ತಿಗೂ ನಮ್ಮಲ್ಲೇ ಇದ್ದಾರೆ.

ಸ್ಲೌನಲ್ಲಿ ನಿಮ್ಮ ಕಕ್ಷಿದಾರರಲ್ಲಿ ನಮ್ಮ ಕಡೆಯವರು ಇರುತ್ತಾರೆ, ಗೊತ್ತು. ಆದರೂ ಭಾಷೆಯನ್ನು "ಬೇಕೇ ಬೇಕು" ಪಟ್ಟಿಗೆ ಹಾಕಬೇಡಿ. "ಇದ್ದರೆ ಒಳ್ಳೆಯದು" ಸಾಕು.

ಕೊನೆಗೆ ಸಮಯ. ಕೆಲಸದಲ್ಲಿರುವ ಸಾಲಿಸಿಟರ್‌ಗೆ ಮೂರು ತಿಂಗಳ ನೋಟಿಸ್ ಇರುವುದು ಸಾಮಾನ್ಯ. ಜೂನ್‌ಗೆ ಬೇಕಾದರೆ ಫೆಬ್ರವರಿಯಲ್ಲೇ ಮಾತು ಮುಗಿಯಬೇಕು.

ಮಿಲ್ಟನ್ ಕೀನ್ಸ್‌ನಿಂದ:

ಮೇಡಂ, ನಾನು ಆ ಕಡೆಯ ಕುರ್ಚಿಯಲ್ಲಿ ಕೂತವನು. ಮೈಸೂರಿನಲ್ಲಿ ಆರು ವರ್ಷ ವಕೀಲಿಕೆ ಮಾಡಿ ಇಲ್ಲಿಗೆ ಬಂದೆ. 2021ರ ಸೆಪ್ಟೆಂಬರ್‌ನಲ್ಲಿ ಸಾಲಿಸಿಟರ್ ಆಗಲು ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆಯ ಪದ್ಧತಿ ಜಾರಿಗೆ ಬಂತಲ್ಲ, ಅದರ ಮೂಲಕ ಸಾಲಿಸಿಟರ್ ಆದೆ. ಮೊದಲ ಹಂತ 360 ಪ್ರಶ್ನೆ. ರಾತ್ರಿ ಮಗು ಮಲಗಿದ ಮೇಲೆ ಓದಿದ್ದು.

ನನ್ನ ಅನುಭವದಲ್ಲಿ ಒಂದು ವಿಷಯ ತುಂಬ ಕಾಡಿತು. ಜಾಹೀರಾತಿನಲ್ಲಿ "ಎರಡು ವರ್ಷ ಪಿಕ್ಯೂಇ" ಎಂದಿರುತ್ತದೆ. ನನ್ನದು ಕಾಗದದ ಮೇಲೆ ಆರು ತಿಂಗಳು. ಊರಿನಲ್ಲಿ ಮಾಡಿದ ಆರು ವರ್ಷ ಯಾವ ಲೆಕ್ಕಕ್ಕೂ ಇಲ್ಲ. ಒಂದು ಆಫೀಸಿನವರು ಮಾತ್ರ "ಬೇರೆ ದೇಶದಲ್ಲಿ ಮಾಡಿದ ಆಸ್ತಿ ಕೆಲಸವನ್ನೂ ಪರಿಗಣಿಸುತ್ತೇವೆ" ಎಂದು ಒಂದು ಸಾಲು ಬರೆದಿದ್ದರು. ಆ ಒಂದು ಸಾಲು ನೋಡಿ ಅರ್ಜಿ ಹಾಕಿದೆ. ನಿಮಗೆ ಅದು ಸರಿ ಅನ್ನಿಸಿದರೆ ಬರೆಯಿರಿ, ಬರೀ ಸೌಜನ್ಯಕ್ಕೆ ಬೇಡ. ಯಾಕೆಂದರೆ ಇಲ್ಲಿನ ಕೆಲಸ ಕಲಿಯಲು ನನಗೂ ಎಂಟು ತಿಂಗಳು ಹಿಡಿಯಿತು. ಪಕ್ಕದ ಕೋಣೆಯಲ್ಲಿ ಕೂತು ದಿನಾ ಬೆಳಿಗ್ಗೆ ಕಾಲು ಗಂಟೆ ನನ್ನ ಫೈಲು ನೋಡುವ ಹಿರಿಯರೊಬ್ಬರು ಇದ್ದರು. ಅವರಿಲ್ಲದಿದ್ದರೆ ನಿಲ್ಲುತ್ತಿರಲಿಲ್ಲ. ನಿಮ್ಮ ಹಿರಿಯರು ಹೋಗಿಬಿಟ್ಟ ಮೇಲೆ ಹೊಸಬರು ಯಾರನ್ನು ಕೇಳಬೇಕು? ಅದನ್ನು ಇಂಟರ್‌ವ್ಯೂನಲ್ಲಿ ನೀವಾಗಿಯೇ ಹೇಳಿ.

ವೀಸಾ ವಿಷಯವೂ ಅಷ್ಟೇ. ನಿಮ್ಮಲ್ಲಿ ವಿದೇಶಿಯರನ್ನು ವೀಸಾ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಲು ಬೇಕಾದ ಸ್ಪಾನ್ಸರ್ ಲೈಸೆನ್ಸ್ ಇದೆಯೋ ಇಲ್ಲವೋ ಒಂದು ಸಾಲಿನಲ್ಲಿ ಬರೆದುಬಿಡಿ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್, ಅಥವಾ ಆ ಕೆಲಸಕ್ಕೆ ಗೊತ್ತುಮಾಡಿದ ದರ, ಯಾವುದು ಜಾಸ್ತಿಯೋ ಅಷ್ಟು ಸಂಬಳ ಬೇಕು. ಕೆಲವರಿಗೆ ರಿಯಾಯಿತಿ ಇದೆ. ಇದೇನೂ ಬರೆಯದಿದ್ದರೆ ನಮ್ಮಂಥವರು ಮೂರು ಸುತ್ತು ಇಂಟರ್‌ವ್ಯೂ ಮುಗಿಸಿ ಕೊನೆಯಲ್ಲಿ "ಲೈಸೆನ್ಸ್ ಇಲ್ಲ" ಎಂದು ಕೇಳಬೇಕಾಗುತ್ತದೆ. ನನಗೆ ಎರಡು ಸಲ ಹಾಗಾಗಿದೆ. ಕೆಲಸ ಮಾಡುವ ಹಕ್ಕಿನ ದಾಖಲೆ ಮಾತ್ರ ಎಲ್ಲರ ಹತ್ತಿರವೂ ನೋಡಿ, ಹೆಸರು ನೋಡಿ ಆರಿಸಬೇಡಿ.

ಮ್ಯಾಂಚೆಸ್ಟರ್‌ನಿಂದ:

ನಮ್ಮದು ಸಾಫ್ಟ್‌ವೇರ್ ಕಂಪನಿ. ಮೊದಲ ಸಲ ಒಬ್ಬ ಸಾಲಿಸಿಟರ್ ಅವರನ್ನು ಒಳಗೇ ಇಟ್ಟುಕೊಂಡೆವು. ಬೇರೆ ಥರದ ಕೆಲಸ, ಆದರೂ ಒಂದು ಮಾತು ನಿಮಗೂ ಆಗುತ್ತದೆ. ಅವರು "ಮಾಡಬೇಕಿಲ್ಲದ್ದು ಏನು?" ಎಂದು ಕೇಳಿದರು. ನಾವು ಯೋಚಿಸಿಯೇ ಇರಲಿಲ್ಲ. ಆಮೇಲೆ ಕೂತು ಬರೆದೆವು: ತೆರಿಗೆ ಹೊರಗಿನವರಿಗೆ, ಕೋರ್ಟ್ ವ್ಯವಹಾರ ಹೊರಗಿನವರಿಗೆ, ನೌಕರರ ಜಗಳ ಎಚ್‌ಆರ್‌ಗೆ. ಆ ಪಟ್ಟಿ ನೋಡಿದ ಮೇಲೆ ಅವರು ಒಪ್ಪಿದರು. ನಿಮ್ಮಲ್ಲೂ ವಿಲ್ಲು, ಪ್ರೊಬೇಟ್ (ಸತ್ತವರ ಆಸ್ತಿ ವಿಲೇವಾರಿ) ಕೆಲಸ ಹೊಸಬರ ಮೇಲೆ ಬೀಳುತ್ತದಾ ನೋಡಿ.

ಮತ್ತೆ ಸ್ಲೌನಿಂದ:

ಎಲ್ಲರಿಗೂ ತುಂಬ ತುಂಬ ಧನ್ಯವಾದ. ಇವತ್ತು ಬೆಳಿಗ್ಗೆ ನಮ್ಮ ಹಿರಿಯರ ಜೊತೆ ಕೂತು ಎಣಿಸಿದೆ. ಅವರೂ ಬೇಸರ ಮಾಡಿಕೊಳ್ಳಲಿಲ್ಲ, ಚಹಾ ತರಿಸಿ ಕೂತರು. ಹೊಸ ಜಾಹೀರಾತು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಅಥವಾ ಲೈಸೆನ್ಸ್ಡ್ ಕನ್ವೇಯನ್ಸರ್ ಬೇಕಾಗಿದ್ದಾರೆ. ಸ್ಲೌ, ವಾರಕ್ಕೆ ನಾಲ್ಕು ದಿನ ಆಫೀಸು, ಒಂದು ದಿನ ಮನೆಯಿಂದ. ಸಂಬಳ 48,000ರಿಂದ 55,000 ಪೌಂಡ್. ನಿವೃತ್ತರಾಗುವವರ 67 ಫೈಲು ನಿಮ್ಮ ಕೈಗೆ ಬರುತ್ತವೆ. ಅದರಲ್ಲಿ 24 ಲೀಸ್‌ಹೋಲ್ಡ್. ಕಂಪ್ಲೀಷನ್ ಆಗಿ ನೋಂದಣಿ ಬಾಕಿ ಇರುವುದು 11, ಅವನ್ನು ನೀವು ಬರುವ ಮೊದಲು ಮುಗಿಸಲು ಪ್ರಯತ್ನಿಸುತ್ತೇವೆ. ಪೂರ್ತಿ ನಿಮಗಾಗಿ ಒಬ್ಬ ಪ್ಯಾರಾಲೀಗಲ್ ಇದ್ದಾರೆ. ಲೀಸ್‌ಹೋಲ್ಡ್ ಖರೀದಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದ ಅನುಭವ ಬೇಕು. ವಿಲ್ಲು, ಪ್ರೊಬೇಟ್ ನಿಮ್ಮ ಮೇಲೆ ಬರುವುದಿಲ್ಲ. ಮೊದಲ ನಾಲ್ಕು ವಾರ ಹಿರಿಯರು ಜೊತೆಯಲ್ಲಿರುತ್ತಾರೆ, ಆಮೇಲೆ ನಮ್ಮ ಪಾರ್ಟ್‌ನರ್ ದಿನಾ ಸಿಗುತ್ತಾರೆ. ನಮ್ಮಲ್ಲಿ ಸ್ಪಾನ್ಸರ್ ಲೈಸೆನ್ಸ್ ಇಲ್ಲ."

ಲೆಸ್ಟರ್‌ನಿಂದ:

ಚೆನ್ನಾಗಿದೆ ಮೇಡಂ. ನಾನು ಕೆಲಸ ಹುಡುಕುತ್ತಿದ್ದರೆ ಫೋನ್ ಮಾಡುತ್ತಿದ್ದೆ. ಒಂದೇ ಬದಲಾವಣೆ. "ಪ್ರಯತ್ನಿಸುತ್ತೇವೆ" ತೆಗೆದು ದಿನಾಂಕ ಹಾಕಿ. ಹಾಕಲು ಆಗದಿದ್ದರೆ 11 ಫೈಲು ಬಾಕಿ ಸಮೇತ ಬರುತ್ತವೆ ಎಂದೇ ಬರೆಯಿರಿ. ಹಾಗೇ ನಿವೃತ್ತರಾಗುವವರೇ ನಿಮ್ಮ ಆಫೀಸಿನ ಕಂಪ್ಲಯನ್ಸ್ ಆಫೀಸರ್ (ನಿಯಮ ಪಾಲನೆಯ ಹೊಣೆ ಹೊತ್ತವರು) ಆಗಿದ್ದರೆ, ಆ ಹೊಣೆ ಯಾರಿಗೆ ಹೋಗುತ್ತದೆ ಎಂಬುದನ್ನೂ ಈಗಲೇ ಪಾರ್ಟ್‌ನರ್ ಹತ್ತಿರ ಕೇಳಿಟ್ಟುಕೊಳ್ಳಿ.

ಸ್ಲೌನಿಂದ:

ಕೇಳಿದೆ. ಆ ಹೊಣೆ ಪಾರ್ಟ್‌ನರ್ ಅವರೇ ತೆಗೆದುಕೊಳ್ಳುತ್ತಾರಂತೆ. ದಿನಾಂಕ ಏಪ್ರಿಲ್ 30 ಎಂದು ಹಾಕಿದೆ. ಹನ್ನೊಂದರಲ್ಲಿ ಎರಡು ಅರ್ಜಿ ಇವತ್ತು ಮಧ್ಯಾಹ್ನವೇ ಲ್ಯಾಂಡ್ ರಿಜಿಸ್ಟ್ರಿಗೆ ಹೋದವು.