ಆರ್‌ಸಿಸಿಬಿಗೆ ನಿಮ್ಮ ಕಡೆ ಏನೆನ್ನುತ್ತಾರೆ?

ಮನೆಯ ವೈರಿಂಗ್ ಬಗ್ಗೆ ಕನ್ನಡದಲ್ಲಿ ಸಣ್ಣದೊಂದು ಸುರಕ್ಷತಾ ಕೈಪಿಡಿ ಬರೆಯುತ್ತಿದ್ದೇನೆ. ಎಂಸಿಬಿ ಎಂಬ ಮಾತು ಎಲ್ಲರಿಗೂ ಗೊತ್ತು, ಅದನ್ನು ಹಾಗೆಯೇ ಇಡುತ್ತೇನೆ. ‘ಟ್ರಿಪ್ ಆಯಿತು’ ಎನ್ನುವುದಕ್ಕಿಂತ ‘ಎಂಸಿಬಿ ಬಿತ್ತು’ ಎನ್ನುವುದು ನನಗೆ ಹೆಚ್ಚು ಹಿಡಿಸಿದೆ. ಅದರ ಹಿಡಿ ಕೆಳಗಿಳಿದಿರುವುದು ಕಣ್ಣಿಗೇ ಕಾಣುತ್ತದೆ. ತೊಡಕು ಇರುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸಾಧನದ ಹೆಸರಿನಲ್ಲಿ. ಕರೆಂಟ್ ನೆಲಕ್ಕೆ ಸೋರಿದಾಗ ತಾನಾಗಿ ಬೀಳುವ ಸಾಧನ ಅದು.

ಎಂಸಿಬಿ ಕಾಯುವುದು ತಂತಿಯನ್ನು. ಹೊರೆ ಹೆಚ್ಚಿದಾಗ ಅದರೊಳಗಿನ ಜೋಡಿಲೋಹದ ಪಟ್ಟಿ ಬಿಸಿಯೇರಿ ಬಾಗುತ್ತದೆ, ಸಂಪರ್ಕ ಬಿಡುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ಅಷ್ಟು ಹೊತ್ತಿಲ್ಲ. ಒಳಗಿನ ಸುರುಳಿ ಅಯಸ್ಕಾಂತವಾಗಿ ಕೊಂಡಿಯನ್ನು ತಟ್ಟನೆ ಕಳಚುತ್ತದೆ. ‘ಸಿ 16’ ಎಂದು ಬರೆದಿರುವ ಎಂಸಿಬಿಯಲ್ಲಿ ಹೀಗಾಗಲು 16 ಆಂಪಿಯರಿನ ಐದರಿಂದ ಹತ್ತು ಪಟ್ಟು ಕರೆಂಟ್ ಹರಿಯಬೇಕು. ಕೆಟ್ಟ ಗೀಸರ್ ಮುಟ್ಟಿದವರ ಮೈಯಿಂದ ನೆಲಕ್ಕೆ ಹರಿಯುವುದು ಆಂಪಿಯರಿನ ಹತ್ತನೇ ಒಂದು ಭಾಗವಷ್ಟೇ ಇರಬಹುದು. ಜೀವ ಹೋಗಲು ಅದು ಸಾಕು, ಎಂಸಿಬಿ ಬೀಳಲು ಸಾಲದು.

ಇದನ್ನು ಹಿಡಿಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳುತ್ತಿದೆಯೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಬಳಕೆಯ ಸಾಧನದಲ್ಲಿ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ 0.3 ಸೆಕೆಂಡಿನೊಳಗೆ ಬೀಳಬೇಕು.

ಹಲವರು ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಆ ಹೆಸರು ಮೊದಲು ಸಲ್ಲುತ್ತಿದ್ದುದು ಅರ್ಥಿಂಗ್ ತಂತಿಯ ವೋಲ್ಟೇಜ್ ನೋಡಿ ಬೀಳುತ್ತಿದ್ದ ಹಳೆಯ ಸಾಧನಕ್ಕೆ. ‘ಸೋರಿಕೆ ತಡೆ’ ಎಂದು ಬರೆಯೋಣವೆಂದರೆ, ಇದು ಸೋರಿಕೆಯನ್ನು ತಡೆಯುವುದಿಲ್ಲ, ಸೋರಿದಾಗ ಕರೆಂಟ್ ಕಡಿಯುತ್ತದೆ. ಸಾಲದ್ದಕ್ಕೆ ಪತ್ರಿಕೆಗಳಲ್ಲಿ ‘ವಿದ್ಯುತ್ ಸೋರಿಕೆ’ ಎಂದರೆ ಹಲವು ಸಲ ಕಳ್ಳತನ ಮತ್ತು ಸಾಗಣೆಯ ನಷ್ಟ. ‘ಜೀವರಕ್ಷಕ ಸ್ವಿಚ್’ ಎಂಬ ಸಲಹೆಯೂ ಬಂದಿದೆ; ನನಗೆ ಅದು ಅಪಾಯವೆನಿಸುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಏನೂ ಹರಿಯದಿದ್ದರೆ ಆರ್‌ಸಿಸಿಬಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಹೆಸರನ್ನು ನಂಬಿ ಯಾರೂ ತಂತಿಗೆ ಕೈ ಹಾಕಬಾರದು.

ಸದ್ಯಕ್ಕೆ ‘ಶಾಕ್ ಬ್ರೇಕರ್’, ‘ಸೋರಿಕೆ ಬ್ರೇಕರ್’ ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ, ಎರಡೂ ಪೂರ್ತಿ ಒಪ್ಪಿಗೆಯಾಗಿಲ್ಲ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಎಲೆಕ್ಟ್ರಿಷಿಯನ್‌ಗಳು ಕೆಲಸದ ನಡುವೆ ಇದಕ್ಕೆ ಏನೆನ್ನುತ್ತಾರೆ? ಕೇಳಿದವರು ದಯವಿಟ್ಟು ಅವರ ಮಾತಿನಲ್ಲೇ ತಿಳಿಸಿ. ಅದರ ‘ಟಿ’ ಗುಂಡಿ ಒತ್ತಿ ಪರೀಕ್ಷಿಸುವುದಕ್ಕೂ ಬೇರೆ ಮಾತೇನಾದರೂ ಇದ್ದರೆ ಅದೂ ಬೇಕು.